ಕಮಾನು ಬೀಳಿಸಿ ಕಲಿತದ್ದು

ಮೊದಲು ಮಾಡಿದ ಮಾಡೆಲ್‌ನ ಚಿತ್ರ ಇನ್ನೂ ನನ್ನ ಕಂಪ್ಯೂಟರ್‌ನಲ್ಲಿದೆ. ಅಳಿಸಲು ಮನಸ್ಸಾಗಿಲ್ಲ. ಇಟ್ಟಿಗೆಯ ಕಮಾನು ಚಾವಣಿ, ಅದರ ಮೈಮೇಲೆಲ್ಲ ಕೆಂಪು ಮಚ್ಚೆ. ಕೆಂಪು ಅಂದರೆ ಎಳೆತ. ಇಟ್ಟಿಗೆ ಗಾರೆಗೆ ಎಳೆತ ತಡೆಯುವ ಶಕ್ತಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂದಮೇಲೆ ಈ ಚಾವಣಿ ಬೀಳಬೇಕು. ದಪ್ಪ ಹೆಚ್ಚಿಸಿದೆ. ಬುಡದಲ್ಲಿ ಕೆಂಪು ಕಡಿಮೆಯಾಯಿತು, ನೆತ್ತಿಯಲ್ಲಿ ಬಂತು. ಆಧಾರವನ್ನು ಸ್ವಲ್ಪ ಬದಲಿಸಿದೆ. ನೆತ್ತಿಯಲ್ಲಿ ಹೋಯಿತು, ಬುಡಕ್ಕೆ ವಾಪಸ್ ಬಂತು. ಮೂರು ದಿನ ಹೀಗೇ ಕಣ್ಣಾಮುಚ್ಚಾಲೆ.

ಅಲ್ಲಿಯವರೆಗೆ ನನ್ನ ಕೆಲಸವೆಲ್ಲ ಕಾಂಕ್ರೀಟಿನ ತೊಲೆ, ಕಂಬ, ಸ್ಲ್ಯಾಬು. ಎಳೆತ ಬಂದ ಕಡೆ ಕಬ್ಬಿಣ ಹಾಕು, ಮುಗಿಯಿತು. ಕಬ್ಬಿಣವೇ ಇಲ್ಲದ ಚಾವಣಿಯನ್ನು ಡಿಸೈನ್ ಮಾಡು ಅಂದಾಗ ಕೈಕಟ್ಟಿ ಹಾಕಿದಂತಾಗಿತ್ತು.

ನಮ್ಮ ಆಫೀಸಿನ ಹಿರಿಯರೊಬ್ಬರು ಬಂದು ಸ್ಕ್ರೀನ್ ನೋಡಿದರು. "ಇದು ಇಟ್ಟಿಗೆ ಅಂತ ಸಾಫ್ಟ್‌ವೇರಿಗೆ ಹೇಳಿದೀಯೇನಮ್ಮಾ?"

"ಹೇಳಿದೀನಿ ಸಾರ್. ಇಟ್ಟಿಗೆದೇ ಸ್ಟಿಫ್‌ನೆಸ್, ಇಟ್ಟಿಗೆದೇ ತೂಕ ಕೊಟ್ಟಿದೀನಿ."

"ಬಿರುಕು ಬಿಡೋದು ಅಂದ್ರೆ ಏನು ಅಂತ ಹೇಳಿದೀಯಾ?"

ಹೇಳಿರಲಿಲ್ಲ. ನಾನು ಬಳಸಿದ್ದ ಲೆಕ್ಕಕ್ಕೆ ಬಿರುಕು ಅನ್ನುವುದೇ ಗೊತ್ತಿಲ್ಲ. ಎಳೆದರೂ ಒತ್ತಿದರೂ ಒಂದೇ ಥರ ತಡೆಯುವ, ಎಲ್ಲೂ ಬಾಯಿ ಬಿಡದ, ರಬ್ಬರಿನಂಥ ಒಂದು ವಸ್ತುವನ್ನು ಅದು ಲೆಕ್ಕ ಹಾಕುತ್ತಿತ್ತು. ಆಧಾರ ಕೂದಲೆಳೆಯಷ್ಟು ಸರಿದರೂ ಉತ್ತರ ಪೂರ್ತಿ ಬದಲು. ನಿಜವಾದ ಇಟ್ಟಿಗೆ ಕಮಾನು ಹಾಗಲ್ಲ. ಎಳೆತ ಬಂದ ಕಡೆ ಸುಮ್ನೆ ಸಣ್ಣಗೆ ಬಿರುಕು ಬಿಟ್ಟು, ಬಲವನ್ನು ಬೇರೆ ದಾರಿಯಲ್ಲಿ ಕಳಿಸುತ್ತದೆ. ನೋಡಬೇಕಾದದ್ದು ಬಣ್ಣ ಅಲ್ಲ, ಆ ದಾರಿ.

"ಸ್ವಲ್ಪ ದಿನ ಕಂಪ್ಯೂಟರ್ ಮುಚ್ಚಿಡು, ಮರದ ತುಂಡಲ್ಲಿ ಒಂದು ಕಮಾನು ಮಾಡಿ ನಿಲ್ಲಿಸು" ಅಂದರು. ಆಟ ಆಡು ಅಂದ ಹಾಗಿತ್ತು. ಸ್ವಲ್ಪ ಬೇಜಾರೂ ಆಯಿತು.

ಹದಿನೈದು ತುಂಡುಗಳ ಅರ್ಧವೃತ್ತ ಮಾಡಿಸಿದೆ. ದಪ್ಪದ ನಡುವೆ ಹಾದುಹೋಗುವ ನಡುಗೆರೆಯ ತ್ರಿಜ್ಯ 20 ಸೆಂಟಿಮೀಟರ್, ದಪ್ಪ 1.6. ಅಂಟಿಲ್ಲ, ಏನಿಲ್ಲ. ಕೆಳಗೆ ರಟ್ಟಿನ ಅಚ್ಚು ಇಟ್ಟು ಜೋಡಿಸಿ, ಅಚ್ಚು ಎಳೆದೆ. ಬಿತ್ತು. ಕೈ ನಡುಗಿತೇನೋ ಅಂತ ಮತ್ತೆ ಜೋಡಿಸಿದೆ. ಬಿತ್ತು. ಹತ್ತಾರು ಸಲ ಆಯಿತು. ಮೊಬೈಲಿನಲ್ಲಿ ನಿಧಾನ ಚಲನೆಯ ವಿಡಿಯೋ ತೆಗೆದು ನೋಡಿದಾಗ ಪ್ರತಿ ಸಲವೂ ಒಂದೇ ರೀತಿ ಬೀಳುತ್ತಿತ್ತು. ನೆತ್ತಿಯ ತುಂಡು ಕೆಳಗೆ ಕುಸಿಯುತ್ತದೆ, ಅದರ ಕೆಳಬದಿ ಬಾಯಿ ಬಿಡುತ್ತದೆ. ನೆತ್ತಿಗೂ ಬುಡಕ್ಕೂ ನಡುವಿನ ಎರಡೂ ಭುಜಗಳು ಹೊರಗೆ ಸರಿಯುತ್ತವೆ, ಅಲ್ಲಿ ಮೇಲ್ಬದಿ ಬಾಯಿ ಬಿಡುತ್ತದೆ. ಯಾವ ತುಂಡೂ ಒಡೆಯಲಿಲ್ಲ, ಯಾವುದೂ ಜಾರಲಿಲ್ಲ. ಬಾಗಿಲ ಕೀಲು ತಿರುಗಿದ ಹಾಗೆ ತಿರುಗಿ ತಿರುಗಿ ಬಿದ್ದವು.

ಆಮೇಲೆ 2.4 ಸೆಂಟಿಮೀಟರ್ ದಪ್ಪದ ಇನ್ನೊಂದು ಸೆಟ್ ಮಾಡಿಸಿದೆ. ಅಚ್ಚು ಎಳೆದೆ. ನಿಂತಿತು. ಟೇಬಲ್ ಗುದ್ದಿದೆ. ನಿಂತೇ ಇತ್ತು.

ತನ್ನ ತೂಕವನ್ನಷ್ಟೇ ಹೊರುವ ಅರ್ಧವೃತ್ತದ ಕಮಾನಿಗೆ ತ್ರಿಜ್ಯದ ಸುಮಾರು 10.7 ಶೇಕಡಾ ದಪ್ಪ ಬೇಕೇ ಬೇಕು. ನನ್ನ ಮೊದಲ ಸೆಟ್ ಶೇಕಡಾ 8, ಎರಡನೆಯದು 12. ಈ ಮಿತಿಯನ್ನು 1907ರಲ್ಲಿ ಸರಿಯಾಗಿ ಲೆಕ್ಕ ಹಾಕಿದವರು ಮಿಲಾಂಕೊವಿಚ್. ಹಿಮಯುಗಗಳ ಚಕ್ರದ ಲೆಕ್ಕಕ್ಕೆ ಹೆಸರಾದ ಅದೇ ಮಿಲಾಂಕೊವಿಚ್. ನನ್ನ ತಲೆ ತಿರುಗಿಸಿದ್ದು ಆ ಸಂಖ್ಯೆಯಲ್ಲಿ ಇಲ್ಲದ ವಿಷಯ. ಮರವೋ ಕಲ್ಲೋ ಅನ್ನುವುದು ಅದರಲ್ಲಿ ಇಲ್ಲ. ಕಮಾನು 40 ಸೆಂಟಿಮೀಟರಿನದ್ದೋ 40 ಮೀಟರಿನದ್ದೋ ಅನ್ನುವುದೂ ಇಲ್ಲ. ಬರೀ ಆಕಾರ. ಅದಕ್ಕೇ ಹಿಂದಿನವರು ಚಿಕ್ಕ ಮಾದರಿ ಮಾಡಿ, ಅದೇ ಪ್ರಮಾಣದಲ್ಲಿ ದೊಡ್ಡದು ಕಟ್ಟಿ ಗೆಲ್ಲುತ್ತಿದ್ದರು. ಕಾಂಕ್ರೀಟ್ ತೊಲೆಯಲ್ಲಿ ಈ ಆಟ ನಡೆಯುವುದಿಲ್ಲ. ಚಿಕ್ಕದು ನಿಂತಿತೆಂದು ಹತ್ತು ಪಟ್ಟು ದೊಡ್ಡದು ಮಾಡಿದರೆ ತನ್ನ ಭಾರಕ್ಕೇ ಮುರಿಯಬಹುದು.

ಕಲ್ಲು ಒತ್ತಡಕ್ಕೆ ಪುಡಿಯಾಗುವುದಿಲ್ಲವೇ? ನನಗೂ ಅದೇ ಅನುಮಾನ ಬಂತು. ಸಾಧಾರಣ ಗಟ್ಟಿ ಕಲ್ಲು ಚದರ ಮಿಲಿಮೀಟರಿಗೆ 40 ನ್ಯೂಟನ್ ತಡೆಯುತ್ತದೆ, ಘನ ಮೀಟರಿಗೆ 25 ಕಿಲೋನ್ಯೂಟನ್ ತೂಗುತ್ತದೆ ಅಂತ ಇಟ್ಟುಕೊಳ್ಳಿ. ಭಾಗಿಸಿದರೆ 1600 ಮೀಟರ್. ಅಷ್ಟು ಎತ್ತರದ ಕಂಬ ನಿಲ್ಲಿಸಿದರೆ ಬುಡದ ಕಲ್ಲು ಪುಡಿಯಾಗುತ್ತದೆ. ನಾವು ಕಟ್ಟುವ ಚಾವಣಿ ಮೂರು ಮೀಟರು. ಈ ಚಿಂತೆ ಅಲ್ಲಿಗೇ ಬಿಟ್ಟೆ.

1966ರಲ್ಲಿ ಜಾಕ್ ಹೇಮನ್ ಅನ್ನುವ ಎಂಜಿನಿಯರ್ ಇದನ್ನೆಲ್ಲ ಮೂರು ಮಾತಿಗೆ ಇಳಿಸಿದರು. ಕಲ್ಲಿನ ಕಟ್ಟಡಕ್ಕೆ ಎಳೆತ ತಡೆಯುವ ಶಕ್ತಿ ಇಲ್ಲ ಅಂದುಕೋ. ಒತ್ತಡಕ್ಕೆ ಅದು ಎಂದೂ ಪುಡಿಯಾಗುವುದಿಲ್ಲ ಅಂದುಕೋ. ಕಲ್ಲಿನ ಮೇಲೆ ಕಲ್ಲು ಜಾರುವುದಿಲ್ಲ ಅಂದುಕೋ. ಈ ಮೂರನ್ನು ಒಪ್ಪಿದರೆ ಒಂದು ಭಾರಿ ಅನುಕೂಲ. ಕಮಾನಿನ ಒಳಗೆ ಬಲ ನಿಜವಾಗಿ ಹೇಗೆ ಹರಿಯುತ್ತಿದೆ ಅಂತ ಹುಡುಕಬೇಕಿಲ್ಲ. ದಪ್ಪದ ಒಳಗೇ ಹಾದುಹೋಗುವ ಒಂದೇ ಒಂದು ಒತ್ತಡದ ಗೆರೆ, ಅಂದರೆ ಬಲ ಹರಿಯುವ ದಾರಿ, ನಮಗೆ ಸಿಕ್ಕರೆ ಸಾಕು. ನಮಗೇ ಒಂದು ದಾರಿ ಸಿಕ್ಕಿದ ಮೇಲೆ ಕಮಾನಿಗೆ ಸಿಗದೇ ಇರುತ್ತದಾ? ಈ ಪ್ರಮೇಯವನ್ನು ಮೊದಲ ಸಲ ಓದಿದಾಗ ಮೋಸ ಇದೆ ಅನ್ನಿಸಿತ್ತು. ಎಂಜಿನಿಯರಿಂಗಿನಲ್ಲಿ ಇಷ್ಟು ಸುಲಭವಾಗಿ ಯಾರೂ ಏನನ್ನೂ ಕೊಡುವುದಿಲ್ಲ, ಅಲ್ವಾ?

ಆ ಗೆರೆ ಹುಡುಕಲು ನಾನು ಮೊದಲು ಸರಪಳಿ ನೇತುಹಾಕಿದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1670ರ ದಶಕದಲ್ಲೇ ಇದನ್ನು ಕಂಡುಕೊಂಡಿದ್ದ. ಬೇರೆಯವರು ಕದಿಯಬಾರದೆಂದು ಲ್ಯಾಟಿನ್ ವಾಕ್ಯದ ಅಕ್ಷರಗಳನ್ನು ಕಲಸಿ ಒಗಟಿನ ಹಾಗೆ ಅಚ್ಚು ಹಾಕಿಸಿದ್ದ. ಅದರ ಅರ್ಥ ಇಷ್ಟೇ: ಬಳುಕುವ ದಾರ ಹೇಗೆ ನೇತಾಡುತ್ತದೋ, ತಲೆಕೆಳಗು ಮಾಡಿದರೆ ಗಟ್ಟಿ ಕಮಾನು ಹಾಗೇ ನಿಲ್ಲುತ್ತದೆ. ಸರಪಳಿಯಲ್ಲಿ ಬರೀ ಎಳೆತ. ತಿರುವಿದರೆ ಬರೀ ಒತ್ತಡ.

ಗೋಡೆಗೆ ದೊಡ್ಡ ಕಾಗದ ಅಂಟಿಸಿ, ಎರಡು ಮೊಳೆ ಹೊಡೆದು ಸಣ್ಣ ಸರಪಳಿ ಬಿಟ್ಟೆ. ಅದರ ನೆರಳಿನ ಮೇಲೆ ಪೆನ್ಸಿಲ್ ಓಡಿಸಿದೆ. ಒಂದು ಕಡೆ ನಾಲ್ಕು ಪೇಪರ್ ಕ್ಲಿಪ್ ಸಿಕ್ಕಿಸಿದೆ. ಸರಪಳಿ ಆ ಕಡೆ ಜೋಲಿತು, ಇನ್ನೊಂದು ಕಡೆ ಮೇಲೆದ್ದಿತು. ಆ ಎರಡನೆಯ ಗೆರೆ ಮೊದಲ ಗೆರೆಯಿಂದ ಎಷ್ಟು ಸರಿಯಿತೋ ಅಷ್ಟನ್ನು ನುಂಗುವ ದಪ್ಪ ನನ್ನ ಕಮಾನಿಗೆ ಬೇಕು. ಕ್ಲಿಪ್ ಹಾಕಿದ ಕಡೆಯಷ್ಟೇ ಅಲ್ಲ, ಏನೂ ಹಾಕದ ಕಡೆಯೂ ಆಕಾರ ಬದಲಾಗುತ್ತದೆ ಅನ್ನುವುದು ಸೂತ್ರದಲ್ಲಿ ಎಷ್ಟೋ ಸಲ ಓದಿದ್ದೆ. ಕಣ್ಣಲ್ಲಿ ನೋಡಿದ್ದು ಆವತ್ತೇ.

ಆಮೇಲೆ ಕಟ್ಟುವ ಲೆಕ್ಕ. ಪರೀಕ್ಷೆಗೆಂದೇ ಒಂದು ಪಟ್ಟಿ ಕಟ್ಟೋಣ ಅಂತ ತೀರ್ಮಾನವಾಯಿತು. 3 ಮೀಟರ್ ಸ್ಪ್ಯಾನ್ (ಬುಡದಿಂದ ಬುಡಕ್ಕೆ), 60 ಸೆಂಟಿಮೀಟರ್ ಏರು (ಬುಡದ ಮಟ್ಟದಿಂದ ನೆತ್ತಿಗೆ), 1 ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ. ಕಮಾನಿನ ಉದ್ದ 3.3 ಮೀಟರ್ ಬರುತ್ತದೆ, ತೂಕ ಸುಮಾರು 630 ಕಿಲೋ. ಇನ್ನು ಅಡ್ಡ ತಳ್ಳು. ಒಟ್ಟು ತೂಕವನ್ನು ಸ್ಪ್ಯಾನಿನಿಂದ ಗುಣಿಸಿ, ಏರಿನ ಎಂಟು ಪಟ್ಟಿನಿಂದ ಭಾಗಿಸಿದರೆ ಸಾಕು: ಸುಮಾರು 3.9 ಕಿಲೋನ್ಯೂಟನ್. ಅಂದರೆ 400 ಕಿಲೋ ಭಾರದಷ್ಟು ಬಲ ಎರಡೂ ಬುಡಗಳನ್ನು ಹೊರಗೆ ತಳ್ಳುತ್ತಿರುತ್ತದೆ, ಹಗಲೂ ರಾತ್ರಿ. ಇಟ್ಟಿಗೆಯ ಮೇಲಿನ ಒತ್ತಡ ನೋಡಿದರೆ ಚದರ ಮಿಲಿಮೀಟರಿಗೆ 0.05 ನ್ಯೂಟನ್. ಹಳೆ ಅಭ್ಯಾಸದಲ್ಲಿ ಸೊನ್ನೆ ತಪ್ಪಿರಬೇಕು ಅಂತ ಎರಡು ಸಲ ಲೆಕ್ಕ ಮಾಡಿದೆ. ತಪ್ಪಿರಲಿಲ್ಲ.

ಆ 400 ಕಿಲೋ ತಡೆಯಲು ಬುಡದಿಂದ ಬುಡಕ್ಕೆ 12 ಮಿಲಿಮೀಟರಿನ ಎರಡು ಸರಳು. ಬಲಕ್ಕೆ ಅದೇ ಜಾಸ್ತಿ. ಅಷ್ಟು ಎಳೆದರೂ ಸರಳು ಕಾಲು ಮಿಲಿಮೀಟರ್ ಉದ್ದವಾಗುತ್ತದೆ ಅಷ್ಟೇ.

ಕಟ್ಟಲು ಬಂದ ಮೇಸ್ತ್ರಿ ವಯಸ್ಸಾದವರು. ಪ್ಲೈವುಡ್ ಸೆಂಟ್ರಿಂಗ್ ನೋಡಿ, "ಇದೇನ್ ಮೇಡಂ, ಕಮಾನು ಅಂದ್ರೆ ದುಂಡಗಿರಬೇಕು, ಇದು ಬದನೆಕಾಯಿ ಥರ ಇದೆ" ಅಂದರು. ಸರಪಳಿ ತೋರಿಸಿದೆ. ಎರಡು ಕೈಯಲ್ಲಿ ಹಿಡಿದು ಸೆಂಟ್ರಿಂಗ್ ಪಕ್ಕ ಜೋಲಿಸಿ ನೋಡಿದರು. ಏನೂ ಮಾತಾಡದೆ ಗಾರೆ ಕಲಸಲು ಹೋದರು. ಎರಡೂ ಬುಡದಿಂದ ಒಂದೊಂದೇ ವರಸೆ ಸಮಸಮ ಏರಿಸಿದರು, ಒಂದು ಕಡೆ ಮುಂದೆ ಹೋದರೆ ಸೆಂಟ್ರಿಂಗ್ ಓಲುತ್ತದೆ ಅಂತ. ನೆತ್ತಿಯಲ್ಲಿ ಉಳಿದ ಸಂದಿಗೆ ಇಟ್ಟಿಗೆಯನ್ನು ಬೆಣೆಯ ಹಾಗೆ ಕೆತ್ತಿ, ಮರದ ಸುತ್ತಿಗೆಯಲ್ಲಿ ಬಡಿದು ಕೂರಿಸಿದರು. ಹೊಡೆತದ ಸದ್ದು ಡಬ್ ಡಬ್ ಅಂತಿದ್ದದ್ದು ಟಣ್ ಅಂತಾದಾಗ ನಿಲ್ಲಿಸಿದರು.

ಸೆಂಟ್ರಿಂಗ್ ಇಳಿಸಿದ ದಿನ ತಪ್ಪು ಮಾಡಿದ್ದು ನಾನು. ಸರಳಿನ ನಟ್‌ಗಳನ್ನು ಕೊನೆಗೆ ಬಿಗಿಯೋಣ, ಆಮೇಲೆ ಸರಿಮಾಡಲು ಅನುಕೂಲ ಅಂತ ನಾನೇ ಸಡಿಲ ಬಿಡಿಸಿದ್ದೆ. ಮರೆತೇಬಿಟ್ಟೆ. ಮೇಸ್ತ್ರಿ ಬೆಣೆಗಳನ್ನು ಒಂದೊಂದಾಗಿ ಸಡಿಲಿಸುತ್ತಾ ಬಂದರು. ಸೆಂಟ್ರಿಂಗ್ ಒಂದು ಬೆರಳು ಇಳಿದಾಗ ಬುಡದ ಕಡೆಯಿಂದ ಮರಳು ಉಜ್ಜಿದಂಥ ಸಣ್ಣ ಸದ್ದು ಬಂತು. ಆಮೇಲೆ ನೆತ್ತಿಯ ಕೆಳಗೆ ಗೆರೆ ಎಳೆದ ಹಾಗೆ ಒಂದು ಬಿರುಕು. ನನ್ನ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. "ಎಲ್ಲರೂ ಈಚೆ ಬನ್ನಿ" ಅಂತ ಕೂಗಿದೆ. ಮೇಸ್ತ್ರಿ ಆಗಲೇ ಈಚೆ ನಿಂತಿದ್ದರು.

ಅಳೆದು ನೋಡಿದರೆ ಬುಡಗಳ ನಡುವಿನ ಅಂತರ 8 ಮಿಲಿಮೀಟರ್ ಜಾಸ್ತಿಯಾಗಿತ್ತು. ನೆತ್ತಿ 10 ಮಿಲಿಮೀಟರ್ ಇಳಿದಿತ್ತು. ನೆತ್ತಿಯಲ್ಲಿ ಕೆಳಗಿನಿಂದ ಬಿರುಕು, ಎರಡೂ ಬುಡದ ಹತ್ತಿರ ಮೇಲಿನಿಂದ ಬಿರುಕು. ಆದರೆ ಕಮಾನು ನಿಂತಿತ್ತು.

ಹಿರಿಯರು ಬಂದರು, ಸುತ್ತ ಒಂದು ಸುತ್ತು ಹಾಕಿದರು, ಖುಷಿಯಾದವರ ಹಾಗೆ ಕಂಡರು. "ಮೂರು ಕೀಲು ಆಗಿದೆ. ಮೂರಿದ್ರೆ ಕಮಾನು ನಿಲ್ಲುತ್ತಮ್ಮಾ. ನಾಲ್ಕನೇದು ಬಂದ್ರೆ ಮಾತ್ರ ಓಡು."

ಆಧಾರ ಸರಿದಾಗ ಕಮಾನು ಹೊಸ ಜಾಗಕ್ಕೆ ಹೊಂದಿಕೊಳ್ಳುವ ರೀತಿಯೇ ಆ ಬಿರುಕು. ಹಳೆಯ ಕಟ್ಟಡಗಳಲ್ಲಿ ಕಮಾನಿನ ನೆತ್ತಿಯಲ್ಲಿ ಕಾಣುವ ಎಷ್ಟೋ ಬಿರುಕುಗಳ ಕಥೆ ಇದೇ. ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟ ಬುಡದಿಂದ ಮೇಲಕ್ಕೆ ಬಿರುಕು ಬಿಟ್ಟಾಗಲೂ ಹೀಗೇ ಗಾಬರಿಯಾಗಿತ್ತು. ಆಗ ಪೊಲೆನಿ ಅನ್ನುವ ವಿದ್ವಾಂಸ ಗುಮ್ಮಟವನ್ನು ಕಿತ್ತಳೆ ತೊಳೆಗಳ ಹಾಗೆ 50 ಭಾಗ ಮಾಡಿಕೊಂಡ. ಒಂದು ಭಾಗದ ತೂಕವನ್ನು ಪಾಲು ಮಾಡಿ 32 ಗುಂಡುಗಳಾಗಿ ದಾರಕ್ಕೆ ಕಟ್ಟಿ ನೇತುಹಾಕಿದ. ತಿರುವಿದ ಗೆರೆ ಗುಮ್ಮಟದ ದಪ್ಪದ ಒಳಗೇ ಬಂತು. ಬಿರುಕಿದ್ದರೂ ನಿಲ್ಲುತ್ತದೆ ಅಂತ 1748ರ ತನ್ನ ವರದಿಯಲ್ಲಿ ಬರೆದ. ಜೊತೆಗೆ, ಇನ್ನಷ್ಟು ಹರಡದಿರಲಿ ಅಂತ ಸುತ್ತ ಕಬ್ಬಿಣದ ಬಳೆ ತೊಡಿಸಲೂ ಹೇಳಿದ. ನಾನು ಗೋಡೆಯ ಮೇಲೆ ಪೇಪರ್ ಕ್ಲಿಪ್ ಇಟ್ಟು ಮಾಡಿದ್ದನ್ನು ಆತ ಅಂಥ ಗುಮ್ಮಟಕ್ಕೆ ಮಾಡಿದ್ದ.

ನಮ್ಮದಕ್ಕೆ ಬೆಣೆ ಮತ್ತೆ ಹೊಡೆದು ಎತ್ತಿ, ಬುಡಗಳನ್ನು ನಟ್ ತಿರುಗಿಸಿ ಎಳೆದುಕೊಂಡೆವು. ಬಿರುಕು ಬಾಯಿ ಮುಚ್ಚಿತು. ಎರಡನೇ ಸಲ ಇಳಿಸಿದಾಗ ನೆತ್ತಿ ಒಂದು ಮಿಲಿಮೀಟರೂ ಇಳಿಯಲಿಲ್ಲ.

ಮುಂದಿನದು ಬೀಳಿಸುವ ಕೆಲಸ. ಇಡೀ ಕಮಾನಿನ ಮೇಲೆ ಸಮನಾಗಿ ಭಾರ ಹೇರಿದರೆ ಏನೂ ಆಗುವುದಿಲ್ಲ, ಗೆರೆ ಅಲ್ಲೇ ಇರುತ್ತದೆ. ತೊಂದರೆ ಒಂದು ಕಡೆ ಮಾತ್ರ ಬಿದ್ದ ಭಾರದಿಂದ. ಅದರಲ್ಲೂ ಸ್ಪ್ಯಾನಿನ ಕಾಲು ಭಾಗದಲ್ಲಿ ಇಟ್ಟರೆ ಕಮಾನಿಗೆ ತುಂಬಾ ಕಷ್ಟ. ಅಲ್ಲಿ 70 ಕಿಲೋ ತೂಕದ ಒಬ್ಬರು ನಿಂತರೆ ಒತ್ತಡದ ಗೆರೆಯನ್ನು ನಡುಗೆರೆಯಿಂದ ಸುಮಾರು 2 ಸೆಂಟಿಮೀಟರಿನ ಒಳಗೇ ಉಳಿಸಿಕೊಳ್ಳಬಹುದು. ನಮಗಿರುವುದು ಎರಡೂ ಕಡೆ ಐದೈದು. ಗೆರೆ ಅಂಚು ಮುಟ್ಟಬೇಕಾದರೆ ಎಷ್ಟು ಭಾರ ಬೇಕು ಅಂತ ಲೆಕ್ಕ ಹಾಕಿದಾಗ ಸುಮಾರು 210 ಕಿಲೋ ಬಂತು. ಮೂರು ಜನ ಒತ್ತೊತ್ತಾಗಿ ನಿಂತ ಹಾಗೆ. 630 ಕಿಲೋ ತನ್ನ ಭಾರವನ್ನೇ ಹೊತ್ತು ಆರಾಮಾಗಿ ನಿಂತಿರುವ ಕಮಾನು, ಅದರ ಮೂರನೇ ಒಂದು ಭಾಗಕ್ಕೆ ಬೀಳುತ್ತದೆ!

25 ಕಿಲೋದ ಮರಳು ಮೂಟೆಗಳನ್ನು ರಾಟೆಯಲ್ಲಿ ಇಳಿಸುತ್ತಾ ಹೋದೆವು. ಯಾರೂ ಕೆಳಗಿಲ್ಲ, ಹತ್ತಿರವೂ ಇಲ್ಲ. ಆರನೇ ಮೂಟೆಯವರೆಗೆ ಏನೂ ಇಲ್ಲ. ಎಂಟನೆಯದಕ್ಕೆ ಮೂಟೆಯ ಕೆಳಗಿನ ಸಂದಿ ಬಾಯಿ ಬಿಟ್ಟಿತು. ಅದಾದ ಮೇಲೆ ಆಚೆ ಬದಿಯಲ್ಲಿ, ನಡುವಿಗಿಂತ ಸ್ವಲ್ಪ ಮುಂದೆ, ಮೇಲ್ಬದಿಯಲ್ಲಿ ಒಂದು ಗೆರೆ. ಲೆಕ್ಕದಲ್ಲಿ ಆ ಕೀಲು ಬರಬೇಕಾದದ್ದು ಸ್ಪ್ಯಾನಿನ ಎಂಟನೇ ಐದು ಭಾಗದ ಹತ್ತಿರ. ಆಮೇಲೆ ಟೇಪ್ ಹಿಡಿದು ನೋಡಿದರೆ ಒಂದು ಇಟ್ಟಿಗೆಯಷ್ಟೇ ವ್ಯತ್ಯಾಸ. ಹತ್ತನೇ ಮೂಟೆ. ಬುಡದ ಸಂದಿಗಳೂ ತೆರೆದುಕೊಂಡವು. ಈಗ ನಾಲ್ಕು. ಆದರೂ ನಿಂತಿತ್ತು, ಗಾರೆಯ ಅಂಟಿನಿಂದ ಇರಬೇಕು. ಹನ್ನೊಂದನೇ ಮೂಟೆ ಮುಟ್ಟಿತೋ ಇಲ್ಲವೋ, ಆಚೆ ಬದಿ ನಿಧಾನವಾಗಿ ಮೇಲೆದ್ದಿತು. ಮೂಟೆಯ ಬದಿ ಕೆಳಗೆ ಹೋಯಿತು. ಧೂಳು.

ಬಿದ್ದ ರಾಶಿಯಲ್ಲಿ ಇಟ್ಟಿಗೆಗಳೆಲ್ಲ ಹೆಚ್ಚುಕಡಿಮೆ ಪೂರ್ತಿಯಾಗಿದ್ದವು. ಮೇಸ್ತ್ರಿ ಒಂದೊಂದೇ ಆರಿಸಿ ಗಾರೆ ಕೆರೆದು ಪಕ್ಕಕ್ಕೆ ಪೇರಿಸಿದರು. "ಭುಜಕ್ಕೆ ಮಣ್ಣು ತುಂಬಿದ್ದಿದ್ರೆ ಬೀಳ್ತಿರ್ಲಿಲ್ಲ ಮೇಡಂ" ಅಂದರು.

ಅವರ ಮಾತಲ್ಲಿ ತಪ್ಪಿಲ್ಲ. ಕಮಾನಿನ ಮೇಲೆ ಸ್ಥಿರವಾದ ಭಾರ ಜಾಸ್ತಿಯಾದಷ್ಟೂ ಓಡಾಡುವ ಭಾರಕ್ಕೆ ಗೆರೆ ಕಡಿಮೆ ಅಲುಗಾಡುತ್ತದೆ. ಸೂತ್ರ ಹಿಡಿದರೆ ಸ್ವಂತ ಭಾರ ಎರಡರಷ್ಟಾದರೆ ಬೀಳಿಸುವ ಭಾರವೂ ಎರಡರಷ್ಟು ಬೇಕು. ಕಾಂಕ್ರೀಟಿನವಳಾದ ನನಗೆ ಇದನ್ನು ಒಪ್ಪಿಕೊಳ್ಳಲು ತಿಂಗಳೇ ಬೇಕಾಯಿತು. ನಮ್ಮಲ್ಲಿ ಭಾರ ಅಂದರೆ ಶತ್ರು. ಆದರೆ ಎಲ್ಲಿ ತುಂಬಬೇಕು ಅನ್ನುವುದಕ್ಕೂ ಲೆಕ್ಕವಿದೆ. ವೇಲ್ಸ್‌ನ ಪಾಂಟಿಪ್ರೀದ್‌ನಲ್ಲಿ ವಿಲಿಯಂ ಎಡ್ವರ್ಡ್ಸ್ 140 ಅಡಿಯ ಕಲ್ಲಿನ ಸೇತುವೆ ಕಟ್ಟುವಾಗ ಭುಜಗಳಿಗೆ ಜಾಸ್ತಿ ಭಾರ ಬಿದ್ದು, ಹಗುರವಾಗಿದ್ದ ನೆತ್ತಿ ಮೇಲಕ್ಕೆ ಚಿಮ್ಮಿ ಕುಸಿಯಿತು. ಆತ ಛಲ ಬಿಡದೆ ಮತ್ತೆ ಕಟ್ಟಿದ. ಈ ಸಲ ಎರಡೂ ಭುಜಗಳಲ್ಲಿ ಮೂರು ಮೂರು ದುಂಡನೆಯ ತೂತು ಬಿಟ್ಟು ಭಾರ ಇಳಿಸಿದ. 1756ರ ಆ ಸೇತುವೆ ಈಗಲೂ ಇದೆ. ಮೇಸ್ತ್ರಿಗೆ ಅದರ ಫೋಟೋ ತೋರಿಸಿದೆ. "ಗಾಳಿ ಹೋಗೋಕೆ ಅಂದ್ಕೊಂಡಿದ್ದೆ" ಅಂದರು.

ಇಷ್ಟೆಲ್ಲ ಆದಮೇಲೆ ನಿಜವಾದ ಕೆಲಸ: ನಾಲ್ಕು ಮೂಲೆಯ ಮೇಲೆ ಮಾತ್ರ ನಿಲ್ಲುವ, ಎರಡೂ ದಿಕ್ಕಿಗೆ ಬಾಗಿದ ಚಿಪ್ಪು ಚಾವಣಿ. 4 ಮೀಟರಿಗೆ 4 ಮೀಟರ್, ನೆತ್ತಿ 1.2 ಮೀಟರ್, ದಪ್ಪ 5 ಸೆಂಟಿಮೀಟರ್. ಕಮಾನಿನ ಅರ್ಧ ದಪ್ಪ!

ಇಲ್ಲಿ ಸರಪಳಿಯ ಬದಲು ಬಲೆ. ಕಮಾನಿನಲ್ಲಿ ಬಲಕ್ಕೆ ಒಂದೇ ದಾರಿ. ಬಲೆಯಲ್ಲಿ ನೂರು ದಾರಿ. ಒಂದು ಕಡೆ ಭಾರ ಬಿದ್ದರೆ ಅಕ್ಕಪಕ್ಕದ ಎಳೆಗಳು ಹಂಚಿಕೊಳ್ಳುತ್ತವೆ. ಅದಕ್ಕೇ ಚಿಪ್ಪು ತೆಳ್ಳಗಿದ್ದರೂ ತಡೆಯುತ್ತದೆ. ಮೊಟ್ಟೆಯನ್ನು ನೆನೆಸಿಕೊಳ್ಳಿ. ಗುಮ್ಮಟದಲ್ಲೂ ಹಾಗೇ, ಅಡ್ಡ ಸುತ್ತುಗಳು ಬಳೆಯ ಹಾಗೆ ಕೆಲಸ ಮಾಡುತ್ತವೆ. ಆದರೆ ಪೂರ್ತಿ ಅರ್ಧಗೋಳದಲ್ಲಿ ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗಿಳಿದ ಮೇಲೆ ಬಳೆಯಲ್ಲಿ ಒತ್ತಡ ಹೋಗಿ ಎಳೆತ ಶುರುವಾಗುತ್ತದೆ. ಕಲ್ಲಿನ ಗುಮ್ಮಟಗಳು ಬುಡದಿಂದ ಮೇಲಕ್ಕೆ ಬಿರುಕು ಬಿಡುವುದು ಅದಕ್ಕೇ. ಆ ಹೊರತಳ್ಳನ್ನು ಒಬ್ಬರು ಬಳೆ ಹಾಕಿ ತಡೆದರೆ, ಗೋಲ ಗುಮ್ಮಟ ಕಟ್ಟಿದವರು ಬೇರೆ ದಾರಿ ಹಿಡಿದರು. ಒಂದನ್ನೊಂದು ಕತ್ತರಿಸುವ ಕಮಾನುಗಳು ಒಳಮುಖವಾಗಿ ಬಾಗಿ ಗುಮ್ಮಟವನ್ನು ಹೊರುತ್ತವೆ. ಹೊರಗೆ ತಳ್ಳುವ ಗುಮ್ಮಟಕ್ಕೆ ಎದುರಾಗಿ ಅವುಗಳ ಭಾರ ಒಳಗೆ ಎಳೆಯುತ್ತದೆ. ಒಳಗೆ ನಿಂತು ಪಿಸುಮಾತಿನ ಪ್ರತಿಧ್ವನಿ ಕೇಳುವವರು ಕತ್ತೆತ್ತಿ ಆ ಕಮಾನುಗಳನ್ನೂ ಒಮ್ಮೆ ನೋಡಬೇಕು.

ಬಲೆಯ ಲೆಕ್ಕಕ್ಕೆ ಕಂಪ್ಯೂಟರ್ ಮತ್ತೆ ತೆರೆದೆ. ಈ ಸಲ ಬೇರೆ ರೀತಿಯ ಲೆಕ್ಕ. 2007ರಲ್ಲಿ ಬ್ಲಾಕ್ ಮತ್ತು ಆಕ್ಸೆಂಡಾರ್ಫ್ ಅನ್ನುವ ಸಂಶೋಧಕರು ಪ್ರಕಟಿಸಿದ ವಿಧಾನ ಅದು. ಬಲೆಯನ್ನು ಮೇಲಿನಿಂದ ನೋಡಿದ ಒಂದು ನಕ್ಷೆ, ಅದರ ಎಳೆಗಳಲ್ಲಿನ ಬಲವನ್ನು ಗೆರೆಯ ಉದ್ದವಾಗಿ ತೋರಿಸುವ ಇನ್ನೊಂದು ನಕ್ಷೆ. ಎರಡನೆಯ ನಕ್ಷೆಯಲ್ಲಿ ಒಂದು ಗೆರೆ ಉದ್ದ ಮಾಡಿದರೆ ಆ ಎಳೆಯಲ್ಲಿ ಬಲ ಹೆಚ್ಚುತ್ತದೆ, ಅಲ್ಲಿ ಚಾವಣಿ ಚಪ್ಪಟೆಯಾಗುತ್ತದೆ. ಇಡೀ ಬಲನಕ್ಷೆ ಹಿಗ್ಗಿಸಿದರೆ ಚಾವಣಿ ಕೆಳಗಿಳಿಯುತ್ತದೆ, ಕುಗ್ಗಿಸಿದರೆ ಮೇಲೇಳುತ್ತದೆ. ಅಂಚಿನ ಎಳೆಗಳಲ್ಲಿ ಬಲ ಸಾಲದೆ ಎರಡು ದಿನ ಒದ್ದಾಡಿದೆ. ಅಂಚು ನೇರವಾಗಿದ್ದರೆ ಆಗುವುದೇ ಇಲ್ಲ, ನಕ್ಷೆಯಲ್ಲಿ ಒಳಕ್ಕೆ ಬಾಗಬೇಕು ಅಂತ ಕೊನೆಗೆ ಹೊಳೆಯಿತು. ಬಟ್ಟೆಯನ್ನು ನಾಲ್ಕು ಮೂಲೆ ಹಿಡಿದು ನೇತುಹಾಕಿದರೆ ಅಂಚು ಒಳಕ್ಕೆ ಬಾಗುತ್ತದಲ್ಲ, ಹಾಗೆ. ಸ್ವಿಟ್ಜರ್ಲೆಂಡಿನ ಹೈಂಜ್ ಇಸ್ಲರ್ ಒದ್ದೆ ಬಟ್ಟೆ ನೇತುಹಾಕಿ, ಹೆಪ್ಪುಗಟ್ಟಿಸಿ, ತಿರುವಿ ಕಾಂಕ್ರೀಟ್ ಚಿಪ್ಪುಗಳ ಆಕಾರ ಕಂಡುಕೊಂಡವರು. ನಾನು ಒಂದು ಟವೆಲ್ ಹಿಡಿದಿದ್ದರೆ ಆ ಎರಡು ದಿನ ಉಳಿಯುತ್ತಿತ್ತು.

ಚಿಪ್ಪಿನ ತೂಕ ಒಂದೂವರೆ ಟನ್ನಿಗೂ ಸ್ವಲ್ಪ ಜಾಸ್ತಿ. ಪ್ರತಿ ಮೂಲೆಯೂ ಎರಡೂ ದಿಕ್ಕಿಗೆ ಸುಮಾರು 4 ಕಿಲೋನ್ಯೂಟನ್ ತಳ್ಳುತ್ತದೆ. ಸುತ್ತ ನಾಲ್ಕು ಸರಳು. ನಟ್‌ಗಳನ್ನು ಈ ಸಲ ನಾನೇ ಬಿಗಿದು, ಪ್ರತಿಯೊಂದರ ಮೇಲೂ ಬಣ್ಣ ಬಳಿದೆ.

ಕಟ್ಟಿದ್ದು ತೆಳು ಟೈಲ್‌ನಲ್ಲಿ, ಒಂದೂವರೆ ಸೆಂಟಿಮೀಟರ್ ದಪ್ಪದ್ದು, ಪದರದ ಮೇಲೆ ಪದರ. ಸ್ಪೇನ್‌ನ ಕತಲೂನ್ಯದವರ ಹಳೆಯ ವಿದ್ಯೆ ಇದು. 1881ರಲ್ಲಿ ಅಮೆರಿಕಕ್ಕೆ ಹೋದ ರಫಾಯೆಲ್ ಗುವಾಸ್ತಾವಿನೊ ಅಲ್ಲಿ ಹಬ್ಬಿಸಿದ. ಅವನ ಕಂಪನಿ 1918ರಲ್ಲಿ ನ್ಯೂಯಾರ್ಕ್ ಬಳಿಯ ಎಲ್ಲಿಸ್ ದ್ವೀಪದ ದೊಡ್ಡ ಹಾಲ್‌ಗೆ ಹಾಕಿದ ಟೈಲ್ ಚಾವಣಿಯನ್ನು 1980ರ ದಶಕದಲ್ಲಿ ದುರಸ್ತಿ ಮಾಡುವಾಗ, 28 ಸಾವಿರಕ್ಕೂ ಹೆಚ್ಚಿನ ಟೈಲ್‌ಗಳಲ್ಲಿ 17 ಮಾತ್ರ ಬದಲಿಸಬೇಕಾಯಿತು.

ಇದಕ್ಕೆ ಸೆಂಟ್ರಿಂಗ್ ಹಲಗೆ ಬೇಕಿಲ್ಲ. ಆಕಾರ ತೋರಿಸಲು ಬಗ್ಗಿಸಿದ ಸರಳುಗಳ ಒಂದು ಹಂದರ, ಅಷ್ಟೇ. ಮೊದಲ ಪದರಕ್ಕೆ ಬೇಗ ಗಟ್ಟಿಯಾಗುವ ಜಿಪ್ಸಮ್ ಪ್ಲಾಸ್ಟರ್. ಮೇಸ್ತ್ರಿ ಟೈಲ್‌ನ ಎರಡು ಅಂಚಿಗೆ ಪ್ಲಾಸ್ಟರ್ ಬಳಿದು, ಹಿಂದಿನ ಎರಡು ಟೈಲ್‌ಗಳ ಮೂಲೆಗೆ ಒತ್ತಿ ಹಿಡಿದರು. ಕೆಳಗೆ ಏನೂ ಇಲ್ಲ. ಒಂದು, ಎರಡು ಅಂತ ನಾನು ಎಣಿಸುತ್ತಿದ್ದೆ. ಹನ್ನೆರಡಕ್ಕೆ ಕೈ ಬಿಟ್ಟರು. ಟೈಲ್ ಗಾಳಿಯಲ್ಲಿ ನಿಂತಿತು. ಅವರು ಬಿಟ್ಟ ಕೈಯನ್ನು ಅದರ ಕೆಳಗೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದರು, ಬಿದ್ದರೆ ಹಿಡಿಯೋಣ ಅಂತ. ಮಧ್ಯಾಹ್ನದ ಹೊತ್ತಿಗೆ ನಾನು ಎಣಿಸುವುದನ್ನು ಬಿಟ್ಟಿದ್ದೆ, ಅವರು ಕೈ ಇಟ್ಟುಕೊಳ್ಳುವುದನ್ನು. ಎರಡನೇ ಪದರ ಸಿಮೆಂಟ್ ಗಾರೆಯಲ್ಲಿ, ಕೆಳಗಿನ ಸಂದಿಗಳ ಮೇಲೆ ಸಂದಿ ಬಾರದ ಹಾಗೆ ಓರೆಯಾಗಿ.

ಜಿಪ್ಸಮ್ ಬಗ್ಗೆ ಒಂದು ಮಾತು. ನೀರು ತಾಗಿದರೆ ಅದು ಸೋಲುತ್ತದೆ. ಎರಡನೇ ಪದರ ಬೀಳುವ ಮೊದಲು ಮಳೆ ಬಂದರೆ ಕೆಲಸ ಹಾಳು. ನಾವು ತಾಡಪಾಲು ಕಟ್ಟಿಕೊಂಡೇ ಕೆಲಸ ಮಾಡಿದೆವು.

ಹಂದರ ತೆಗೆಯುವ ದಿನ ನೆತ್ತಿಗೂ ನಾಲ್ಕು ಅಂಚಿಗೂ ಡಯಲ್ ಗೇಜ್ ಇಟ್ಟಿದ್ದೆ, ಕೂದಲೆಳೆಯಷ್ಟು ಕದಲಿದರೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ. ಬೆಣೆ ಸಡಿಲಿಸಲು ಶುರುಮಾಡಿದ ಮೇಲೆ ಮೂಲೆಯ ಕಡೆ ಕಿವಿ ಇಟ್ಟು ನಿಂತೆ, ಮರಳು ಉಜ್ಜುವ ಸದ್ದು ಬರುತ್ತಾ ಅಂತ. ಬರಲಿಲ್ಲ. ಹಂದರ ಪೂರ್ತಿ ಇಳಿದು ಚಾವಣಿಗೂ ಅದಕ್ಕೂ ಒಂದು ಗೇಣು ಸಂದಿ ಆದಾಗ ನೆತ್ತಿಯ ಗೇಜ್ 0.6 ಮಿಲಿಮೀಟರ್ ತೋರಿಸುತ್ತಿತ್ತು. ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಿದರೆ ಮೇಸ್ತ್ರಿ ಕಾಣಲಿಲ್ಲ. ಕರೆದೆ. ಮೇಲಿನಿಂದ ಉತ್ತರ ಬಂತು. ಏಣಿ ಹತ್ತಿ ಚಾವಣಿಯ ಮೇಲೆ ಹೋಗಿದ್ದರು.

"ಮೇಸ್ತ್ರಿ, ಇನ್ನೂ ಲೋಡ್ ಟೆಸ್ಟ್ ಆಗಿಲ್ಲ, ಇಳೀರಿ!"

"ಕಾಲು ಭಾಗದಲ್ಲೇ ನಿಂತಿದೀನಿ ಮೇಡಂ. ಗೇಜ್ ನೋಡಿ, ಎಷ್ಟು ಬಂತು?"

ನೋಡಿದೆ. ಮುಳ್ಳು ಒಂದು ಗೆರೆಯಷ್ಟು ಕದಲಿತ್ತು. ಅದನ್ನೂ ಬರೆದುಕೊಂಡೆ.